ಬಸುರಿಯ ಶುಗರ್: ಬೆಳಗಿನ ತಿಂಡಿ ಮತ್ತು ಊಟದ ನಂತರದ ನಡಿಗೆ

ಗರ್ಭಿಣಿಗೆ ಶುಗರ್ ಇದೆ ಎಂದು ಗೊತ್ತಾದ ಕೂಡಲೇ ನಮ್ಮ ಕಡೆಯ ಮನೆಗಳಲ್ಲಿ ಎರಡು ಕೆಲಸಗಳು ನಡೆಯುತ್ತವೆ. ಸಕ್ಕರೆ ಡಬ್ಬಿ ಅಟ್ಟ ಸೇರುತ್ತದೆ, ರಾಗಿ ಹಿಟ್ಟಿನ ಡಬ್ಬಿ ಕೈಗೆಟಕುವ ಜಾಗಕ್ಕೆ ಬರುತ್ತದೆ. ಆರು ತುಂಬಿ ಏಳರಲ್ಲಿದ್ದಾಗ ನನ್ನ ವರದಿ ಬಂದ ದಿನ ಮೈಸೂರಿನ ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ಎರಡೂ ತಪ್ಪಲ್ಲ. ಆದರೆ ಹೆರಿಗೆಯವರೆಗೆ ಬೆರಳು ಚುಚ್ಚಿ ಬರೆದಿಟ್ಟ ಅಂಕಿಗಳನ್ನು ಈಗ ತಿರುವಿ ನೋಡಿದರೆ, ನನ್ನ ಶುಗರನ್ನು ಹತೋಟಿಗೆ ತಂದದ್ದರಲ್ಲಿ ಇವೆರಡರ ಪಾಲು ಸಣ್ಣದು. ಬೆಳಗಿನ ತಿಂಡಿಯ ತಟ್ಟೆಯಲ್ಲಿ ಮಾಡಿಕೊಂಡ ಬದಲಾವಣೆ ಮತ್ತು ಊಟವಾದ ಮೇಲಿನ ನಡಿಗೆಯ ಪಾಲು ದೊಡ್ಡದು.

ಮೊದಲಿಗೆ, ಇದು ಸಿಹಿ ತಿಂದದ್ದರಿಂದ ಬಂದ ಕಾಯಿಲೆಯಲ್ಲ. ಬಸುರಿನಲ್ಲಿ ಮಾಸು ಸ್ರವಿಸುವ ಹಾರ್ಮೋನುಗಳು ತಾಯಿಯ ದೇಹದಲ್ಲಿ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ನಿಲ್ಲುತ್ತವೆ. ಹಾಗೆ ನಿಂತಾಗ ರಕ್ತದಲ್ಲಿ ಉಳಿಯುವ ಸಕ್ಕರೆ ಮಗುವಿನ ಬೆಳವಣಿಗೆಗೆ ಒದಗುತ್ತದೆ. ಬಹುಪಾಲು ಹೆಂಗಸರ ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ತಯಾರಿಸಿ ಇದನ್ನು ಸರಿದೂಗಿಸಿಕೊಳ್ಳುತ್ತದೆ, ಕೆಲವರಲ್ಲಿ ಅದಕ್ಕೆ ಅಷ್ಟು ಶಕ್ತಿ ಸಾಲದು. ತಾಯಿಯ ಇನ್ಸುಲಿನ್ ಮಾಸನ್ನು ದಾಟುವುದಿಲ್ಲ, ಸಕ್ಕರೆ ದಾಟುತ್ತದೆ. ಆದ್ದರಿಂದ ಮಗು ತನ್ನದೇ ಇನ್ಸುಲಿನ್ನನ್ನು ಹೆಚ್ಚಾಗಿ ಸ್ರವಿಸಿಕೊಂಡು ಅಗತ್ಯಕ್ಕಿಂತ ದಪ್ಪವಾಗುತ್ತದೆ, ಹುಟ್ಟಿ ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಸಕ್ಕರೆಯ ಪೂರೈಕೆ ನಿಂತರೂ ಇನ್ಸುಲಿನ್ ಮಾತ್ರ ಹೆಚ್ಚೇ ಇರುವುದರಿಂದ ಅದರ ಶುಗರ್ ಕುಸಿಯುವ ಅಪಾಯವಿರುತ್ತದೆ.

ಪರೀಕ್ಷೆ ಸರಳವಾದುದು. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯಂತೆ ಪ್ರತಿ ಗರ್ಭಿಣಿಗೂ ಮೊದಲ ತಪಾಸಣೆಯಲ್ಲಿ ಒಮ್ಮೆ, 24ರಿಂದ 28ನೆಯ ವಾರದೊಳಗೆ ಇನ್ನೊಮ್ಮೆ, ಊಟ ಮಾಡಿದ್ದರೂ ಮಾಡದಿದ್ದರೂ 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಕುಡಿಸಿ, ಎರಡು ಗಂಟೆಯ ನಂತರ ರಕ್ತ ನೋಡುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗರ್ಭಾವಸ್ಥೆಯ ಮಧುಮೇಹ. ಬರಿಹೊಟ್ಟೆಯಲ್ಲಿ ಬರಬೇಕೆಂಬ ಷರತ್ತಿಲ್ಲದಿರುವುದು ದೂರದ ಊರಿನಿಂದ ಬಸ್ಸು ಹಿಡಿದು ಬರುವ ಬಸುರಿಗೆ ಎಂಥ ಉಪಕಾರ ಎಂಬುದನ್ನು ತಪಾಸಣೆಯ ಸಾಲಿನಲ್ಲಿ ಕಾದು ಕುಳಿತವರೇ ಬಲ್ಲರು.

ಗುರಿಯಾಗಿ ನನಗೆ ಕೊಟ್ಟ ಅಂಕಿಗಳು ಎರಡು: ಬರಿಹೊಟ್ಟೆಯಲ್ಲಿ 95ಕ್ಕಿಂತ ಕಡಿಮೆ, ಊಟವಾದ ಎರಡು ಗಂಟೆಗೆ 120ಕ್ಕಿಂತ ಕಡಿಮೆ. ಎರಡು ಗಂಟೆಯನ್ನು ಮೊದಲ ತುತ್ತಿನಿಂದ ಲೆಕ್ಕ ಹಾಕಬೇಕು, ಕೈ ತೊಳೆದಾಗಿನಿಂದ ಅಲ್ಲ. ಕೈಯ ಮಾತು ಬಂದಾಗ ಇನ್ನೊಂದು: ಹಣ್ಣು ಹೆಚ್ಚಿದ ಕೈಯಿಂದ ಹಾಗೆಯೇ ಬೆರಳು ಚುಚ್ಚಿಕೊಂಡರೆ ಬೆರಳಿಗಂಟಿದ ರಸದ ಸಕ್ಕರೆಯೂ ಮೀಟರಿನ ಲೆಕ್ಕಕ್ಕೆ ಸೇರುತ್ತದೆ. ಸೋಪು ಹಚ್ಚಿ ತೊಳೆದು, ಚೆನ್ನಾಗಿ ಒರೆಸಿ, ಬೆರಳ ತುದಿಯ ನಡುವಿಗೆ ಬದಲು ಪಕ್ಕಕ್ಕೆ ಚುಚ್ಚಿದರೆ ನೋವೂ ಕಡಿಮೆ.

ಈಗ ಬೆಳಗಿನ ತಿಂಡಿಯ ವಿಷಯ. ಮುಂಜಾನೆ ದೇಹದಲ್ಲಿ ಕಾರ್ಟಿಸಾಲ್ ಮೊದಲಾದ ಹಾರ್ಮೋನುಗಳು ಏರಿರುವುದರಿಂದ ಇನ್ಸುಲಿನ್ ಕೆಲಸ ಮಾಡುವುದು ಆಗಲೇ ಅತಿ ಕಷ್ಟ. ಬಸುರಿನಲ್ಲಿ ಈ ಅಡ್ಡಿ ಇನ್ನಷ್ಟು ಬಿಗಿಯಾಗುತ್ತದೆ. ನಮ್ಮ ತಿಂಡಿಗಳಾದರೋ ಇಡ್ಲಿ, ದೋಸೆ, ಅಕ್ಕಿ ರೊಟ್ಟಿ, ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನ: ಹೆಚ್ಚುಕಡಿಮೆ ಎಲ್ಲವೂ ಅಕ್ಕಿ ಅಥವಾ ರವೆ. ಬೆಳಗ್ಗೆ ಮೂರು ಇಡ್ಲಿ ಮತ್ತು ಕಾಯಿ ಚಟ್ನಿ ತಿಂದಾಗ ನನ್ನ ಮೀಟರು 158 ತೋರಿಸಿತು. ಅದೇ ಹಿಟ್ಟಿನ ಅಷ್ಟೇ ಇಡ್ಲಿಯನ್ನು ಸಂಜೆ ತಿಂದಾಗ 126. ಹಿಟ್ಟು ಅದೇ, ಹೊಟ್ಟೆ ಅದೇ, ಹೊತ್ತು ಮಾತ್ರ ಬೇರೆ. ಬೆಳಗ್ಗೆ ಇಡ್ಲಿಯನ್ನು ಎರಡಕ್ಕೆ ಇಳಿಸಿ, ಸಾಂಬಾರಿಗೆ ಬೇಳೆ ಮತ್ತು ತರಕಾರಿಯನ್ನು ಹೆಚ್ಚಿಸಿ, ಪಕ್ಕದಲ್ಲಿ ಒಂದು ಬಟ್ಟಲು ಹೆಸರುಕಾಳಿನ ಉಸಲಿಯನ್ನೋ ಎರಡು ಬೇಯಿಸಿದ ಮೊಟ್ಟೆಯನ್ನೋ ಇಟ್ಟುಕೊಂಡಾಗ ಅಂಕಿ 120ರ ಆಸುಪಾಸಿಗೆ ಬಂತು, ತಿಂಡಿಯ ನಂತರ ನಡೆದ ದಿನಗಳಲ್ಲಿ ಅದಕ್ಕೂ ಕೆಳಗೆ. ಹೆಸರುಬೇಳೆಯ ದೋಸೆ ನನಗೆ ಎಲ್ಲಕ್ಕಿಂತ ಚೆನ್ನಾಗಿ ಒಗ್ಗಿತು. ಉಪ್ಪಿಟ್ಟು ಅರ್ಧಕ್ಕರ್ಧ ಬೀನ್ಸ್ ಮತ್ತು ಕ್ಯಾರೆಟ್ ಹಾಕಿದರೂ ಒಗ್ಗಲಿಲ್ಲ. ಇನ್ನೊಬ್ಬರಿಗೆ ಇದು ತಿರುಗುಮುರುಗಾಗಿರಬಹುದು. ಮುದ್ರಿಸಿ ಕೊಟ್ಟ ಆಹಾರ ಪಟ್ಟಿಗಿಂತ ಸ್ವಂತ ಮೀಟರಿನ ಮಾತನ್ನು ನಂಬುವುದು ಲೇಸು ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ರಾಗಿಯ ಬಗ್ಗೆ ಮಾತಾಡುವುದು ಹಳೆಯ ಮೈಸೂರಿನವರಿಗೆ ಸ್ವಲ್ಪ ಸೂಕ್ಷ್ಮದ ಸಂಗತಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂ ಮೀರಿದ ಸುಣ್ಣದಂಶವಿದೆ, ನಾರಿದೆ, ಬಸುರಿಗೆ ಒಳ್ಳೆಯ ಧಾನ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ತೂಕದ ಸುಮಾರು ಮೂರನೇ ಎರಡು ಭಾಗ ಅದೂ ಕಾರ್ಬೋಹೈಡ್ರೇಟೇ. ನುಣ್ಣಗೆ ಬೀಸಿದ ಹಿಟ್ಟನ್ನು ತೆಳ್ಳಗೆ ಗಂಜಿ ಕಾಯಿಸಿ ಕುಡಿದರೆ ಅದು ಜೀರ್ಣವಾಗಲು ಹೊತ್ತೇ ಬೇಕಿಲ್ಲ, ಅದಕ್ಕೆ ಬೆಲ್ಲವೂ ಬಿದ್ದರೆ ಕೇಳುವುದೇ ಬೇಡ. ಬೆಲ್ಲಕ್ಕೆ ಎಷ್ಟೇ ಒಳ್ಳೆಯ ಹೆಸರಿದ್ದರೂ ಶುಗರಿನ ಮಟ್ಟಿಗೆ ಅದು ಸಕ್ಕರೆಯ ಒಡಹುಟ್ಟು. ಸಣ್ಣ ಮುದ್ದೆಯನ್ನು ಹುರುಳಿಕಾಳಿನ ಸಾರು ಅಥವಾ ಬಸ್ಸಾರಿನ ಜೊತೆ, ಸೊಪ್ಪಿನ ಪಲ್ಯವಿಟ್ಟುಕೊಂಡು ಉಂಡಾಗ ನನ್ನ ಅಂಕಿ ಗೆರೆ ದಾಟಲಿಲ್ಲ. ಅದೇ ರಾಗಿ ಮಾಲ್ಟಾಗಿ ಲೋಟಕ್ಕೆ ಬಂದಾಗ ದಾಟಿತು.

ಮಧ್ಯಾಹ್ನ ಮತ್ತು ರಾತ್ರಿಯ ಊಟ ಇಷ್ಟು ಕಾಡಲಿಲ್ಲ. ಮೊದಲು ಕೋಸಂಬರಿ ಮತ್ತು ಪಲ್ಯ, ಆಮೇಲೆ ಹುಳಿ, ಕೊನೆಗೆ ಅನ್ನ ಎಂಬ ಕ್ರಮವನ್ನು ನನ್ನ ಆಹಾರ ತಜ್ಞೆ ಹೇಳಿಕೊಟ್ಟರು. ಕಾಳು ಮತ್ತು ತರಕಾರಿ ಮೊದಲು ಹೊಟ್ಟೆ ಸೇರಿದರೆ ಹಿಂದೆ ಬರುವ ಅನ್ನದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಇಳಿಯುತ್ತದೆ. ಹಣ್ಣನ್ನು ಊಟದ ಜೊತೆ ತಿನ್ನದೆ ನಡುಹೊತ್ತಿಗೆ ಸರಿಸಿದೆ: ಒಂದು ಸಣ್ಣ ಸೀಬೆಹಣ್ಣು, ಒಂದು ಹಿಡಿ ಕಡಲೆಬೀಜ. ಹಣ್ಣಿನ ರಸವನ್ನು ಪೂರ್ತಿ ಬಿಟ್ಟೆ.

ನಮ್ಮತ್ತೆಯವರಿಗೆ ಈ ಅಳತೆಯ ಊಟ ಕಂಡರೆ ಸಂಕಟ. "ಎರಡು ಜೀವ ಕಣಮ್ಮ, ಇಬ್ಬರ ಪಾಲು ಉಣ್ಣಬೇಕು" ಎನ್ನುವರು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ, ಆದರೆ ಎರಡನೆಯ ಜೀವದ ಪಾಲು ಚಿಕ್ಕದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕದಲ್ಲಿ ನಾಲ್ಕನೆಯ ತಿಂಗಳಿನಿಂದಾಚೆಗೆ ಗರ್ಭಿಣಿಗೆ ಬೇಕಾದ ಹೆಚ್ಚಿನ ಶಕ್ತಿ ದಿನಕ್ಕೆ 350 ಕಿಲೋಕ್ಯಾಲರಿ, ಅಂದರೆ ಎರಡು ಚಪಾತಿ, ಒಂದು ಬಟ್ಟಲು ತೊವ್ವೆ ಮತ್ತು ಒಂದು ಲೋಟ ಮಜ್ಜಿಗೆಯಷ್ಟು. ಇದರ ಎದುರು ತುದಿಯ ಅಪಾಯ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಅಂಕಿಗೆ ಹೆದರಿ ಅನ್ನ, ರೊಟ್ಟಿ ಎಲ್ಲವನ್ನೂ ಬಿಟ್ಟು ಬರೀ ಸೌತೆಕಾಯಿ ಮೆಲ್ಲುವ ಗರ್ಭಿಣಿಯರನ್ನು ನಾನು ಬಲ್ಲೆ. ಗರ್ಭಿಣಿಗೆ ದಿನಕ್ಕೆ ಕನಿಷ್ಠ 175 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಅದೂ ಸಿಗದಿದ್ದರೆ ದೇಹ ಕೊಬ್ಬನ್ನು ಕರಗಿಸತೊಡಗಿ ಮೂತ್ರದಲ್ಲಿ ಕೀಟೋನ್ ಕಾಣಿಸುತ್ತದೆ, ಮಗುವಿಗೆ ಅದು ಹಿತವಲ್ಲ. ಮೀಟರಿನ ಅಂಕಿ ಚೆನ್ನಾಗಿದ್ದು ತೂಕ ಇಳಿಯುತ್ತಿದ್ದರೆ ಅದನ್ನು ಹತೋಟಿ ಎಂದು ಕರೆಯಲಾಗದು. ಮೂರು ಊಟ, ಎರಡು ಮೂರು ಕಿರುತಿಂಡಿ ಎಂದು ಹಂಚಿಕೊಂಡು, ರಾತ್ರಿ ಮಲಗುವ ಮುನ್ನ ಒಂದು ಲೋಟ ಸಪ್ಪೆ ಹಾಲು ಮತ್ತು ನಾಲ್ಕು ಬಾದಾಮಿ ತೆಗೆದುಕೊಂಡರೆ ಬೆಳಗಿನವರೆಗಿನ ಉಪವಾಸ ತೀರಾ ಉದ್ದವಾಗುವುದಿಲ್ಲ.

ಇನ್ನು ನಡಿಗೆ. ನಡೆಯುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್ನಿನ ಹಂಗಿಲ್ಲದೆಯೇ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಆದ್ದರಿಂದ ಸಕ್ಕರೆ ಏರುವ ಹೊತ್ತಿಗೇ, ಅಂದರೆ ಊಟವಾದ ಅರ್ಧ ಗಂಟೆಯೊಳಗೆ, ನಡೆಯುವುದರಲ್ಲಿ ಹೆಚ್ಚು ಲಾಭ. ಭಾನುವಾರ ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ ಹಾಕುವ ಒಂದು ದೊಡ್ಡ ಸುತ್ತಿಗಿಂತ, ದಿನವೂ ಪ್ರತಿ ಊಟದ ನಂತರ ಮನೆಯ ತಾರಸಿಯ ಮೇಲೆ ಹತ್ತು ಹದಿನೈದು ನಿಮಿಷ ನಡೆಯುವುದು ನನ್ನ ಅಂಕಿಗಳ ಮೇಲೆ ಹೆಚ್ಚು ಪರಿಣಾಮ ಬೀರಿತು. ವಾರಕ್ಕೆ 150 ನಿಮಿಷ ಎಂಬ ಸಾಮಾನ್ಯ ಸಲಹೆ ಹೀಗೆ ತಾನಾಗಿಯೇ ಪೂರೈಸುತ್ತದೆ. ಮಾತಾಡುತ್ತ ನಡೆಯಲು ಆಗಬೇಕು, ಮಾತಿಗೆ ಉಸಿರು ಸಾಲದಿದ್ದರೆ ವೇಗ ಹೆಚ್ಚಾಯಿತೆಂದು ಅರ್ಥ. ಮಾಸು ಕೆಳಗೆ ಕುಳಿತವರು, ರಕ್ತಸ್ರಾವವಾದವರು, ಅವಧಿಗೆ ಮುನ್ನ ಹೆರಿಗೆಯಾಗುವ ಭಯವಿರುವವರು ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಬಾರದು. (ನೆಲ ಒರೆಸಿದರೆ ಹೆರಿಗೆ ಸಲೀಸು, ಬೇರೆ ವ್ಯಾಯಾಮ ಏಕೆ ಎಂದು ಕೇಳುವವರು ಎಲ್ಲ ಬೀದಿಯಲ್ಲೂ ಸಿಗುತ್ತಾರೆ. ಅವರಿಗೆ ಉತ್ತರಿಸುವ ಶಕ್ತಿಯನ್ನು ನಡಿಗೆಗೆ ಉಳಿಸಿಕೊಳ್ಳುವುದು ಉತ್ತಮ.)

ಎರಡು ವಾರ ಆಹಾರವನ್ನು ಸರಿಯಾಗಿ ಪಾಲಿಸಿದ ಮೇಲೂ ಊಟದ ನಂತರದ ಅಂಕಿ 120ನ್ನು ದಾಟುತ್ತಲೇ ಇದ್ದರೆ ಮೆಟ್‌ಫಾರ್ಮಿನ್ ಅಥವಾ ಇನ್ಸುಲಿನ್ ಆರಂಭಿಸಬೇಕೆಂದು ಅದೇ ಸರ್ಕಾರಿ ಮಾರ್ಗಸೂಚಿ ಹೇಳುತ್ತದೆ. ನನಗೆ ಅದರ ಅಗತ್ಯ ಬೀಳಲಿಲ್ಲ, ನನ್ನ ಓರಗಿತ್ತಿಗೆ ಬಿತ್ತು. ಅವಳು ನನಗಿಂತ ಅಚ್ಚುಕಟ್ಟಾಗಿ ಉಣ್ಣುತ್ತಿದ್ದಳು. ಮಾಸಿನ ಹಾರ್ಮೋನುಗಳಿಗೆ ಯಾರ ಶಿಸ್ತೂ ಲೆಕ್ಕಕ್ಕಿಲ್ಲ, ಆದ್ದರಿಂದ ಸೂಜಿ ಶುರುವಾದವರನ್ನು "ಬಾಯಿ ಕಟ್ಟಲಿಲ್ಲವೇ" ಎಂದು ಕೇಳುವುದು ಅನ್ಯಾಯ.

ಈ ವಿಷಯದಲ್ಲಿ ನಮ್ಮೂರಿನ ಪಾಲೊಂದಿದೆ. ಮೈಸೂರಿನವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿ, ಅವರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಪಾರ್ಥೆನಾನ್ ಅಧ್ಯಯನ ನಡೆಯಿತು. ಪರೀಕ್ಷೆಗೆ ಒಳಗಾದವರಲ್ಲಿ 6.2 ಶೇಕಡಾ ಹೆಂಗಸರಿಗೆ ಈ ಮಧುಮೇಹವಿತ್ತು, ಅವರ ಮಕ್ಕಳಲ್ಲಿ ಒಂಬತ್ತೂವರೆ ವಯಸ್ಸಿನ ಹೊತ್ತಿಗೆ ಮೈಕೊಬ್ಬೂ ಇನ್ಸುಲಿನ್ ಪ್ರತಿರೋಧವೂ ಉಳಿದ ಮಕ್ಕಳಿಗಿಂತ ಹೆಚ್ಚಾಗಿ ಕಂಡವು. ತಾಯಿಯ ಮಟ್ಟಿಗೂ ಕಥೆ ಹೆರಿಗೆಗೆ ಮುಗಿಯುವುದಿಲ್ಲ. ಮಾಸು ಹೊರಬಿದ್ದ ಮೇಲೆ ಶುಗರ್ ಸಾಮಾನ್ಯವಾಗಿ ಇಳಿಯುತ್ತದೆ, ಆದರೆ ಮುಂದೆ ಖಾಯಂ ಮಧುಮೇಹ ಬರುವ ಸಂಭವ ಇತರರಿಗಿಂತ ಹಲವು ಪಟ್ಟು ಹೆಚ್ಚು. ಎದೆಹಾಲು ಕುಡಿಸುವುದು ಆ ಅಪಾಯವನ್ನು ಸ್ವಲ್ಪ ತಗ್ಗಿಸುತ್ತದೆ.

ಆರು ವಾರಕ್ಕೆ ಮತ್ತೆ 75 ಗ್ರಾಂ ಗ್ಲೂಕೋಸಿನ ಪರೀಕ್ಷೆ ಮಾಡಿಸಬೇಕು. ಇದೇ ಹೆಚ್ಚಾಗಿ ತಪ್ಪಿಹೋಗುವುದು, ಏಕೆಂದರೆ ಆ ಹೊತ್ತಿಗೆ ತಾಯಿ ತವರಿನ ಬಾಣಂತನದಲ್ಲಿ, ತುಪ್ಪ ಮತ್ತು ಲೇಹ್ಯದ ನಡುವೆ, ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗಿರುತ್ತಾಳೆ. ಮಗುವಿಗೆ ಆರು ವಾರದ ಲಸಿಕೆಗೆಂದು ಹೇಗೂ ಆಸ್ಪತ್ರೆಗೆ ಹೋಗಲೇಬೇಕು. ಡಿಸ್ಚಾರ್ಜ್ ಆಗುವ ದಿನವೇ ತಾಯಿ ಕಾರ್ಡಿನಲ್ಲಿ ಲಸಿಕೆಯ ದಿನಾಂಕದ ಪಕ್ಕದಲ್ಲಿ ತನ್ನ ಪರೀಕ್ಷೆಯನ್ನೂ ಬರೆಸಿಕೊಂಡು, ಅಂದು ಬರಿಹೊಟ್ಟೆಯಲ್ಲಿ ಹೊರಟು, ಎರಡು ಗಂಟೆ ಕಾಯುವಾಗ ಮಗುವನ್ನು ನೋಡಿಕೊಳ್ಳಲು ಅಮ್ಮನನ್ನೋ ಗಂಡನನ್ನೋ ಜೊತೆಗೆ ಕರೆದೊಯ್ದರೆ ಎರಡೂ ಕೆಲಸ ಒಂದೇ ಓಡಾಟದಲ್ಲಿ ಆಗುತ್ತದೆ.