ಒಳಹರಿವು, ಹೊರಹರಿವು ಮತ್ತು ಒಂದು ದೂರವಾಣಿ ಕರೆ

ಉಚ್ಚಾರಣೆ ಶುದ್ಧವಾಗಿರಬೇಕು, ಅಲ್ಪಪ್ರಾಣ ಮಹಾಪ್ರಾಣಗಳು ಕಲಸಿಹೋಗಬಾರದು, ಓದು ಎಲ್ಲಿಯೂ ಮುಗ್ಗರಿಸಬಾರದು. ವಾರ್ತಾವಾಚಕಿಗೆ ಇಷ್ಟಿದ್ದರೆ ಸಾಕೆಂದು ಬಾನುಲಿಗೆ ಸೇರಿದ ಹೊಸದರಲ್ಲಿ ನಾನು ನಂಬಿದ್ದೆ. ಆ ನಂಬಿಕೆ ಅಲುಗಾಡಿದ್ದು ಒಂದು ಮಳೆಗಾಲದ ಸಂಜೆ.

ಗರಿಷ್ಠ ಮಟ್ಟ 124.80 ಅಡಿಯಿರುವ ಕೃಷ್ಣರಾಜಸಾಗರ ಆಗ ಬಹುತೇಕ ತುಂಬಿತ್ತು. ವಾರ್ತೆ ಆರಂಭವಾಗಲು ನಾಲ್ಕೇ ನಿಮಿಷವಿದ್ದಾಗ ಕೈಗೆ ಬಂದ ಹಾಳೆಯಲ್ಲಿ ಒಳಹರಿವು, ಹೊರಹರಿವುಗಳೆರಡೂ ಒಂದೇ ಸಾಲಿನಲ್ಲಿ, ಬರಿಯ ಅಂಕಿಗಳಲ್ಲಿದ್ದವು. ಒಮ್ಮೆಯೂ ಗಟ್ಟಿಯಾಗಿ ಓದಿಕೊಳ್ಳದೆ ಮೈಕಿನ ಮುಂದೆ ಕುಳಿತ ನಾನು ಅವೆರಡನ್ನೂ ಅದಲುಬದಲು ಮಾಡಿ, ಎಳ್ಳಷ್ಟೂ ತಡವರಿಸದೆ ಓದಿಬಿಟ್ಟೆ. ತಡವರಿಸಿದ್ದರೆ ಕೇಳುಗರಿಗೆ ಅನುಮಾನವಾದರೂ ಬರುತ್ತಿತ್ತು.

ಸ್ಟುಡಿಯೊದಿಂದ ಹೊರಬರುವಷ್ಟರಲ್ಲಿ ಶ್ರೀರಂಗಪಟ್ಟಣದ ಕಡೆಯ ರೈತರೊಬ್ಬರ ಕರೆ ಬಂದಿತ್ತು. "ಮೇಡಮ್ಮೋರೆ, ನಮ್ ಗದ್ದೆ ಹೊಳೆ ದಡದಲ್ಲೇ ಅದೆ. ಬಿಟ್ಟಿರೋ ನೀರು ಎಷ್ಟು ಅಂತ ಸರಿಯಾಗಿ ಹೇಳ್ಬುಡಿ, ಪಂಪ್‌ಸೆಟ್ ಎತ್ತಿಸ್ಬೇಕೋ ಬ್ಯಾಡ್ವೋ?" ಎಂದರು. ಹಾಳೆ ನೋಡಿದೆ. ಹೊರಬಿಟ್ಟ ನೀರು ನಾನು ಓದಿದ್ದಕ್ಕಿಂತ ಬಹಳ ಹೆಚ್ಚಿತ್ತು. ಸರಿಯಾದ ಅಂಕಿ ಕೇಳಿದೊಡನೆ ಅವರು ಮರುಮಾತಿಲ್ಲದೆ ಫೋನಿಟ್ಟರು.

ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ಎಂಬುದೆಲ್ಲ ನನಗೆ ಬಾಯಿಪಾಠವಾಗಿತ್ತು. ಆದರೆ ಅಣೆಕಟ್ಟೆಯ ಕೆಳಗೆ ಇರುವವರು ಕಿವಿಗೊಟ್ಟು ಕಾಯುವುದು ಹೊರಹರಿವಿನ ಅಂಕಿಗೆ ಎಂಬುದು ಹೊಳೆದಿರಲಿಲ್ಲ. ಪತ್ರಿಕೆಯ ಓದುಗರು ಸಾಲನ್ನು ಮತ್ತೆ ನೋಡಬಹುದು, ಬಾನುಲಿಯ ಕೇಳುಗರಿಗೆ ಆ ಅನುಕೂಲವಿಲ್ಲ.

ಅಂದಿನಿಂದ ಅಂಕಿಗಳ ಮೇಲೆ ಪೆನ್ಸಿಲಿನಲ್ಲಿ ಅವನ್ನೇ ಅಕ್ಷರಗಳಲ್ಲಿ ಬರೆದುಕೊಳ್ಳುತ್ತೇನೆ. ಏಜೆನ್ಸಿಯ ಸುದ್ದಿಯಲ್ಲಿ ಮಿಲಿಯನ್ ಇದ್ದರೆ ಹತ್ತು ಲಕ್ಷವೆಂದು ತಿದ್ದಿಕೊಳ್ಳುತ್ತೇನೆ. ಮುಂದೆ ಟೀವಿಗೆ ಬಂದಾಗ ಈ ಅಭ್ಯಾಸಕ್ಕೆ ಸಹೋದ್ಯೋಗಿಗಳು ನಕ್ಕರು, ಟೆಲಿಪ್ರಾಂಪ್ಟರ್ ಇರುವಾಗ ಹಾಳೆಯೇಕೆಂದು. ಆದರೆ ಇಯರ್‌ಪೀಸಿನಲ್ಲಿ ನಿರ್ಮಾಪಕರು ಹತ್ತು, ಒಂಬತ್ತು, ಎಂಟು ಎಂದು ಎಣಿಸುತ್ತಿರುವಾಗಲೇ ಪರದೆಯ ಮೇಲಿನ ಸಾಲು ನಿಂತುಹೋದರೆ ಕೈಗೆ ಸಿಗುವುದು ಆ ಹಾಳೆಯೇ.

ಆ ಸಂಜೆಯ ತಿದ್ದುಪಡಿಯನ್ನು ಮುಂದಿನ ವಾರ್ತೆಯ ಕೊನೆಯಲ್ಲಿ ಓದಿದರಾಯಿತು ಎಂದರು ಸಂಪಾದಕರು. ಹವಾಮಾನದ ಹೊತ್ತಿಗೆ ಜನ ರೇಡಿಯೊ ಆರಿಸಿರುತ್ತಾರೆ ಎಂದು ಹಟ ಹಿಡಿದು, ಮುಖ್ಯಾಂಶಗಳಿಗೂ ಮೊದಲೇ ತಪ್ಪೊಪ್ಪಿಕೊಂಡು, ಹೊರಹರಿವಿನ ಅಂಕಿಯನ್ನು ಎರಡು ಸಲ ನಿಧಾನವಾಗಿ ಓದಿದೆ.