ಎನ್‌ಕೆ ಸೆಲ್ ಜಾಸ್ತಿ ಮಾಡೋಕೆ ಏನ್ ತಿನ್ಬೇಕು? ಇದೇ ಕೊನೇ ಸಲ ಹೇಳ್ತಿರೋದು

ಏನೂ ತಿನ್ಬೇಡಿ. ಅಂದ್ರೆ ಊಟ ಮಾಡಿ, ಹೊಟ್ಟೆ ತುಂಬ ಮಾಡಿ, ಆದ್ರೆ ಅದಕ್ಕೋಸ್ಕರ ಅಂತ ಏನೂ ತಿನ್ಬೇಡಿ. ಉತ್ತರ ಅಷ್ಟೇ. ಅರ್ಜೆಂಟ್ ಇರೋರು ಇಲ್ಲಿಗೇ ಎದ್ದು ಹೋಗ್ಬಹುದು.

ನಾನು ಪುಣೆಯ ಒಂದು ಲ್ಯಾಬಲ್ಲಿ ನ್ಯಾಚುರಲ್ ಕಿಲ್ಲರ್ (ಎನ್‌ಕೆ) ಸೆಲ್‌ಗಳ ಮೇಲೆ ಕೆಲಸ ಮಾಡ್ತೀನಿ, ಅಂದ್ರೆ ವೈರಸ್ ಹೊಕ್ಕ ಸೆಲ್, ಕ್ಯಾನ್ಸರ್ ಸೆಲ್‌ಗಳನ್ನ ಕೊಲ್ಲೋ ಬಿಳಿ ರಕ್ತಕಣಗಳು. ಕೊರೊನಾಗಿಂತ ಮುಂಚೆ ಹೀಗಂದ್ರೆ ಜನ "ಓಹೋ" ಅಂದು ಪಲಾವ್ ಕಡೆ ಹೋಗ್ತಿದ್ರು, ಅದೇ ಸುಖ ಇತ್ತು. ಈಗ ಸೊಸೈಟಿ ಲಿಫ್ಟಲ್ಲಿ, ಕನ್ನಡದವರ ಹಬ್ಬದ ಊಟದಲ್ಲಿ, ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ, ಎಲ್ಲಾ ಕಡೆ ಅದೇ ಪ್ರಶ್ನೆ. ಅದೂ ಕೇಳೋ ಧಾಟಿ ನೋಡಿ, "ನಿಮ್ಗೆ ಗೊತ್ತಿರತ್ತಲ್ಲ, ನಮ್ಗೂ ಒಂಚೂರು ಹೇಳಿ" ಅಂತ, ನಾನೇನೋ ಪುಡಿ ಮಾಡಿ ಮನೆಯವ್ರಿಗೆ ಮಾತ್ರ ಕೊಡ್ತಿದೀನಿ ಅನ್ನೋ ಅನುಮಾನದಲ್ಲಿ.

ವಾಕಡ್‌ನಲ್ಲಿ ಒಂದು ಗೃಹಪ್ರವೇಶ. ಊಟಕ್ಕೆ ಪಕ್ಕದಲ್ಲಿ ಹುಬ್ಬಳ್ಳಿ ಕಡೆಯ ಕಾಕಾ ಒಬ್ರು ಕೂತ್ರು, ರೈಲ್ವೆಯಲ್ಲಿ ಟಿಸಿ ಆಗಿ ರಿಟೈರ್ ಆಗಿ ಈಗ ಮಗನ ಮನೇಲಿ ಇರೋರು. ಹೋಳಿಗೆ ಬರೋದ್ರೊಳಗೆ ಶುರುವಾಯ್ತು. "ತಂಗೀ, ನೀ ಅದೇನೋ ಕಿಲ್ಲರ್ ಸೆಲ್ ಕೆಲ್ಸ ಮಾಡ್ತೀಯಂತಲ್ಲ, ಅವು ಭಾಳ ಆಗ್ಬೇಕಂದ್ರ ಏನ್ ತಗೋಬೇಕವಾ? ನಾ ಅಂತೂ ದಿನಾ ಮುಂಜಾನೆ ಅಮೃತಬಳ್ಳಿ ಕಷಾಯ ಕುಡೀತೀನಿ."

ಕಾಕಾ, ಮೊದ್ಲು ಅದನ್ನ ನಿಲ್ಸಿ ಅಂದೆ. 2021ರಲ್ಲಿ ಮುಂಬೈನ ಲಿವರ್ ಡಾಕ್ಟ್ರುಗಳು ಅಮೃತಬಳ್ಳಿ ತಗೊಂಡು ಲಿವರ್ ಕೆಡಿಸ್ಕೊಂಡ 6 ಪೇಷಂಟ್‌ಗಳ ಬಗ್ಗೆ ಬರೆದ್ರು, ದೇಹದ ಇಮ್ಯುನಿಟಿ ತನ್ನ ಲಿವರ್ ಮೇಲೆ ತಾನೇ ಬಿದ್ದಿರೋ ಲಕ್ಷಣಗಳು ಅವರಲ್ಲಿ ಕಂಡಿದ್ವು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಜಗಳ ಆಯ್ತು, ಅದು ಬೇರೆ ಕತೆ. ನನ್ನ ತಲೆನೋವು ಇಷ್ಟೇ, "ಜಾಸ್ತಿ ಆದಷ್ಟೂ ಒಳ್ಳೇದು" ಅಂತ ಯಾರು ಹೇಳಿದ್ದು ಇವರಿಗೆಲ್ಲ?

ಎನ್‌ಕೆ ಸೆಲ್ ಅಂದ್ರೆ ಏನು ಅಂತ ನೋಡಿ. ರಕ್ತದಲ್ಲಿ ಲಿಂಫೊಸೈಟ್ ಅನ್ನೋ ಬಿಳಿ ರಕ್ತಕಣಗಳಿರ್ತವಲ್ಲ, ಅವುಗಳಲ್ಲಿ ಸುಮಾರು 5ರಿಂದ 15 ಪರ್ಸೆಂಟ್ ಇವೇ ಇರ್ತವೆ. ಹೊಟ್ಟೆಯೊಳಗೆ ಪರ್ಫೊರಿನ್, ಗ್ರ್ಯಾಂಜೈಮ್ ಅನ್ನೋ ಪ್ರೋಟೀನ್‌ಗಳನ್ನ ಮೊದ್ಲೇ ತುಂಬ್ಕೊಂಡು ತಿರುಗ್ತವೆ, ಒಂದು ಎದುರಿನ ಸೆಲ್‌ಗೆ ತೂತು ಕೊರೆಯತ್ತೆ, ಇನ್ನೊಂದು ಒಳಗೆ ಹೋಗಿ ಸಾಯೋ ಸ್ವಿಚ್ ಒತ್ತತ್ತೆ. ಮುಂಚೆ ಆ ರೋಗ ನೋಡಿರ್ಬೇಕು ಅಂತೇನಿಲ್ಲ. 1975ರಲ್ಲಿ ಸ್ವೀಡನ್ ಮತ್ತು ಅಮೆರಿಕದ ಲ್ಯಾಬ್‌ಗಳು ಇದನ್ನ ಕಂಡಾಗ ಎಲ್ಲರಿಗೂ ಆಶ್ಚರ್ಯ ಆಗಿದ್ದೇ ಅದು. ಹೀಗೆ ಲೋಡ್ ಆಗಿರೋ ಸೆಲ್ಲು ದಿನಕ್ಕೆ ನಮ್ಮದೇ ಎಷ್ಟು ಸೆಲ್‌ಗಳನ್ನ ಮುಟ್ಟಿ ಮುಂದೆ ಹೋಗತ್ತೆ, ಯಾಕೆ ಕೊಲ್ಲಲ್ಲ? ನನ್ನನ್ನ ಇದನ್ನ ಕೇಳ್ರಪ್ಪ. ಯಾರೂ ಕೇಳಲ್ಲ, ಹಾಗಾಗಿ ಕಾಕಾಗೆ ನಾನೇ ಹೇಳಿದೆ.

ನಮ್ಮ ದೇಹದ ಹೆಚ್ಚುಕಮ್ಮಿ ಎಲ್ಲಾ ಸೆಲ್ ಮೇಲೂ ಎಚ್‌ಎಲ್‌ಎ ಅನ್ನೋ ಪ್ರೋಟೀನ್ ಇರತ್ತೆ. ಎನ್‌ಕೆ ಸೆಲ್ ಮೇಲೆ ಅದನ್ನ ಮುಟ್ಟಿ ನೋಡೋ ರಿಸೆಪ್ಟರ್‌ಗಳಿರ್ತವೆ, ಕಿರ್ ಅಂತ ಒಂದು ಗುಂಪು, ಎನ್‌ಕೆಜಿ2ಎ ಅಂತ ಇನ್ನೊಂದು. ಎಚ್‌ಎಲ್‌ಎ ಸಿಕ್ಕಿದ್ರೆ ಅವು ಒಳಗೆ ಬ್ರೇಕ್ ಹಾಕ್ತವೆ, ಎಸ್‌ಎಚ್‌ಪಿ-1 ಅನ್ನೋ ಎಂಜೈಮ್ ಬಂದು ಕೊಲ್ಲೋ ಸಿಗ್ನಲ್ ಅಳಿಸಿಹಾಕತ್ತೆ. ವೈರಸ್ ಹೊಕ್ಕ ಸೆಲ್ಲೋ ಕ್ಯಾನ್ಸರ್ ಸೆಲ್ಲೋ, ಎಚ್‌ಎಲ್‌ಎ ನೋಡಿಯೇ ರೋಗದ ಸೆಲ್ ಗುರುತಿಸೋ ಟಿ ಸೆಲ್ (ಇಮ್ಯುನಿಟಿಯ ಇನ್ನೊಂದು ಥರದ ಸೆಲ್) ಕಣ್ಣಿಗೆ ಬೀಳ್ಬಾರ್ದು ಅಂತ ಎಷ್ಟೋ ಸಲ ಎಚ್‌ಎಲ್‌ಎಯನ್ನೇ ತೆಗೆದುಬಿಡತ್ತೆ. ಟಿ ಸೆಲ್ ಕೈಯಿಂದ ಪಾರು, ಆದ್ರೆ ಇಲ್ಲಿ ಬ್ರೇಕ್ ಬೀಳಲ್ಲ, ಸಿಕ್ಕಿಬಿತ್ತು. ಸ್ಟಾಕ್‌ಹೋಮಿನ ಕ್ಲಾಸ್ ಕಾರೆ 1981ರ ತನ್ನ ಪಿಎಚ್‌ಡಿಯಲ್ಲಿ ಈ ಐಡಿಯಾ ಇಟ್ಟ, 1986ರಲ್ಲಿ ಇಲಿಗಳಲ್ಲಿ ತೋರಿಸಿಯೂ ಬಿಟ್ರು. ಒಂದೇ ಕ್ಯಾನ್ಸರಿನ ಎರಡು ತಳಿ, ಇಲಿಯ ಎಚ್‌ಎಲ್‌ಎ ಥರದ ಪ್ರೋಟೀನ್ ಇದ್ದಿದ್ದು ಬೆಳೀತು, ಅದು ಕಮ್ಮಿ ಇದ್ದಿದ್ದನ್ನ ಎನ್‌ಕೆ ಸೆಲ್‌ಗಳು ಮುಗಿಸಿದ್ವು.

ಕಾಕಾ ಹೋಳಿಗೆ ಕೈಯಲ್ಲಿ ಹಿಡ್ಕೊಂಡೇ, "ಹಂಗಾರ ನಮ್ದ ಕೆಲ್ಸ ಅದು! ಕಳ್ಳ ಯಾರು ಅಂತ ಟಿಸಿಗೆ ಏನ್ ಗೊತ್ತಿರತೈತಿ, ಟಿಕೆಟ್ ಐತೋ ಇಲ್ಲೋ ಅಷ್ಟ ನೋಡೂದು" ಅಂದ್ರು. ಪುಣ್ಯಾತ್ಮ! ನನಗೂ ಹುರುಪು ಬಂದು ಸೈಟೊಮೆಗಲೊವೈರಸ್ ಕತೆ ಶುರು ಮಾಡಿದೆ, ಅದು ನಿಜವಾದ ಎಚ್‌ಎಲ್‌ಎಯನ್ನ ಒಳಗೆ ಎಳ್ಕೊಂಡು ಯುಎಲ್18 ಅನ್ನೋ ತನ್ನದೇ ನಕಲಿಯನ್ನ ಹೊರಗೆ ತೋರಿಸತ್ತೆ ಅಂತ. "ಡುಪ್ಲಿಕೇಟ್ ಪಾಸ್! ಮಿರಜ್ ಲೈನ್‌ನ್ಯಾಗ ಭಾಳ ಮಂದೀನ ಹಿಡದೀನಿ." ಟಿಕೆಟ್ ಇದ್ರೂ ಒಂದೊಂದ್ಸಲ ಹಿಡೀತವೆ ಅಂತಾನೂ ಹೇಳಿದೆ. ಸೆಲ್ ಕಷ್ಟದಲ್ಲಿದ್ದಾಗ ಮಿಕ್‌ಎ, ಮಿಕ್‌ಬಿ ಅನ್ನೋ ಪ್ರೋಟೀನ್ ಮೇಲೆ ಬರ್ತವೆ, ಎನ್‌ಕೆ ಸೆಲ್ಲಿನ ಎನ್‌ಕೆಜಿ2ಡಿ ಅನ್ನೋ ರಿಸೆಪ್ಟರ್ ಅವನ್ನ ಹಿಡಿದ್ರೆ ಕೊಲ್ಲೋ ಸಿಗ್ನಲ್ ಜೋರಾಗತ್ತೆ, ಬ್ರೇಕ್ ಗೆಲ್ಲತ್ತೋ ಅದು ಗೆಲ್ಲತ್ತೋ ಅನ್ನೋದೇ ಲೆಕ್ಕ, ಅಂತ.

"ಖರೆ ಐತವಾ. ಆದ್ರ ತಂಗಿ, ಅವು ಭಾಳ ಆಗ್ಬೇಕಂದ್ರ..."

ತುಪ್ಪ ಹಾಕಿಸ್ಕೊಂಡು ಸುಮ್ನಾದೆ.

ಲ್ಯಾಬಲ್ಲಿ ಇದನ್ನ ಕಣ್ಣಾರೆ ನೋಡ್ಬಹುದು. ರಕ್ತವನ್ನ ಫೈಕಾಲ್ ಅನ್ನೋ ದ್ರವದ ಮೇಲೆ ನಿಧಾನಕ್ಕೆ ಬಿಟ್ಟು ಸೆಂಟ್ರಿಫ್ಯೂಜ್ ಮಾಡಿದ್ರೆ ಕೆಂಪೆಲ್ಲ ತಳಕ್ಕೆ ಹೋಗಿ, ಹಳದಿ ಪ್ಲಾಸ್ಮಾ ಕೆಳಗೆ ತೆಳ್ಳಗೆ ಮೋಡದ ಥರ ಬಿಳೀ ಪದರ ನಿಲ್ಲತ್ತೆ. ಪೈಪೆಟ್ಟಿನ ತುದಿಯನ್ನ ಅದರ ಅಂಚಿಗೆ ತಾಗಿಸಿ ಎಳೀಬೇಕು, ಕೈ ನಡುಗಿದ್ರೆ ಪದರ ಒಡೆಯತ್ತೆ. ಅದನ್ನ ಕೆ562 ಸೆಲ್‌ಗಳ ಜೊತೆ ಬಿಡ್ತೀವಿ, ಅವು ಒಬ್ಬ ಲುಕೇಮಿಯಾ ರೋಗಿಯಿಂದ ಬಂದು ಇವತ್ತಿಗೂ ಜಗತ್ತಿನ ಲ್ಯಾಬ್‌ಗಳಲ್ಲಿ ಬೆಳೀತಿರೋ ಸೆಲ್‌ಗಳು, ಅವಕ್ಕೆ ಎಚ್‌ಎಲ್‌ಎ ಇಲ್ಲ ಅನ್ನೋ ಹಾಗೇ. 4 ಗಂಟೆ ಇನ್‌ಕ್ಯುಬೇಟರಲ್ಲಿಟ್ಟು ತೆಗೆದ್ರೆ ಕೆ562 ಸಾಲುಸಾಲಾಗಿ ಸತ್ತಿರ್ತವೆ, ಅದೇ ಟ್ಯೂಬಲ್ಲಿರೋ ಡೋನರ್‌ನ ಸ್ವಂತ ಲಿಂಫೊಸೈಟ್‌ಗಳು ಆರಾಮಾಗಿರ್ತವೆ. ಇದು ಎಷ್ಟ್ ಸಲ ನೋಡಿದ್ರೂ ನನಗೆ ಬೇಜಾರಾಗಿಲ್ಲ.

ಇನ್ನೊಂದು ವಿಷ್ಯ, ಇದನ್ನ ಹೇಳಿದ್ರೆ ಯಾರೂ ನಂಬಲ್ಲ. ಬ್ರೇಕೇ ಇಲ್ಲದ ಎನ್‌ಕೆ ಸೆಲ್ ಹುಚ್ಚೆದ್ದು ಎಲ್ಲರನ್ನೂ ಕೊಲ್ಲತ್ತೆ ಅಂದ್ಕೋತೀವಲ್ಲ, ಆಗೋದು ಉಲ್ಟಾ, ಅದು ಮಂಕಾಗಿಬಿಡತ್ತೆ. ಬೆಳೆಯೋ ಹೊತ್ತಲ್ಲಿ ತನ್ನ ದೇಹದ ಎಚ್‌ಎಲ್‌ಎಯನ್ನ ಬ್ರೇಕ್ ರಿಸೆಪ್ಟರಿನಿಂದ ಮುಟ್ಟಿ ಮುಟ್ಟಿ ಪಳಗಿದ ಸೆಲ್ಲಿಗೇ ಮುಂದೆ ಕೊಲ್ಲೋ ಚುರುಕು ಬರೋದು. ಅಮೆರಿಕದ ವೇಯ್ನ್ ಯೊಕೊಯಾಮಾ ಗುಂಪು 2005ರಲ್ಲಿ ಇದಕ್ಕೆ ಲೈಸೆನ್ಸಿಂಗ್ ಅಂತ ಹೆಸರಿಟ್ಟಿತು. ಕಿರ್ ಜೀನ್‌ಗಳಿರೋದು 19ನೇ ಕ್ರೋಮೊಸೋಮಲ್ಲಿ, ಎಚ್‌ಎಲ್‌ಎ 6ನೇದರಲ್ಲಿ, ಎರಡೂ ಬೇರೆಬೇರೆಯಾಗಿ ಬರೋದ್ರಿಂದ ಒಂದೇ ಮನೆಯ ಅಣ್ಣ ತಂಗಿಗೂ ಜೋಡಿ ಬೇರೆ ಇರ್ಬಹುದು. ಹೆಪಟೈಟಿಸ್ ಸಿ ಬಂದವರಲ್ಲಿ ಕೆಲವ್ರ ವೈರಸ್ ತಾನಾಗೇ ಹೋಗತ್ತಲ್ಲ, ಅವರಲ್ಲಿ ಬ್ರೇಕ್ ಸ್ವಲ್ಪ ಸಡಿಲ ಇರೋ ಒಂದು ಕಿರ್-ಎಚ್‌ಎಲ್‌ಎ ಜೋಡಿ ಹೆಚ್ಚು ಕಂಡಿತ್ತು, 2004ರಲ್ಲಿ. ಹಾಗಂತ ಬ್ರೇಕ್ ಬಿಚ್ಚಿದ್ರೆ ಎಲ್ಲಾ ಸರಿ ಅಂತಲ್ಲ, ಎನ್‌ಕೆಜಿ2ಎಯನ್ನ ಮುಚ್ಚೋ ಮೊನಲಿಜುಮ್ಯಾಬ್ ಅನ್ನೋ ಔಷಧಿಯ ದೊಡ್ಡ ಟ್ರಯಲ್ಲು ತಲೆ-ಕುತ್ತಿಗೆ ಕ್ಯಾನ್ಸರಿನಲ್ಲಿ ಪ್ರಯೋಜನ ಕಾಣ್ದೆ 2022ರಲ್ಲಿ ನಿಂತುಹೋಯ್ತು. ಇದ್ಯಾವುದೂ ಕಷಾಯದ ಲೋಟದಲ್ಲಿ ಅಳೆಯೋ ವಿಷ್ಯ ಅಲ್ಲ.

ನನಗೆ ನಿಜವಾಗ್ಲೂ ಸಿಟ್ಟು ಬರೋದು ಕಾಕಾ ಥರದೋರ ಮೇಲಲ್ಲ. ಈಚೆಗೆ ಪರಿಚಯದವ್ರ ಸೊಸೆ ಫೋನ್ ಮಾಡಿದ್ರು, ಎರಡು ಸಲ ಗರ್ಭ ನಿಂತಿಲ್ಲ, ಯಾವುದೋ ಕ್ಲಿನಿಕ್ಕಲ್ಲಿ ರಕ್ತ ಟೆಸ್ಟ್ ಮಾಡಿ "ನಿಮ್ಮ ಎನ್‌ಕೆ ಸೆಲ್ ಜಾಸ್ತಿ ಇವೆ, ಮಗುವನ್ನ ಅವೇ ಕೊಲ್ತಿವೆ" ಅಂದಿದಾರೆ, ಸ್ಟೆರಾಯ್ಡ್ ಬರ್ದಿದಾರೆ, ಮೇಲೊಂದು ಇಂಟ್ರಾಲಿಪಿಡ್ ಅನ್ನೋ ಕೊಬ್ಬಿನ ಡ್ರಿಪ್. "ಅಕ್ಕಾ, ಕಮ್ಮಿ ಮಾಡ್ಕೊಳ್ಳೋದು ಹೇಗೆ?" ಊರೆಲ್ಲ ಜಾಸ್ತಿ ಮಾಡೋಕೆ ಓಡ್ತಿದ್ರೆ ಈ ಹುಡುಗಿ ತನ್ನ ಸೆಲ್‌ಗಳೇ ಕೊಲೆಗಾರರು ಅಂತ ರಾತ್ರಿ ಎಲ್ಲಾ ಅತ್ತಿದಾಳೆ.

ರಕ್ತದ ಎನ್‌ಕೆ ಸೆಲ್ ಬೇರೆ, ಗರ್ಭಕೋಶದ್ದು ಬೇರೆ. ಗರ್ಭದ ಮೊದಲ ತಿಂಗಳುಗಳಲ್ಲಿ ಅಲ್ಲಿರೋ ಬಿಳಿ ರಕ್ತಕಣಗಳಲ್ಲಿ ಬಹುಪಾಲು ಎನ್‌ಕೆ ಸೆಲ್‌ಗಳೇ, ಅವು ಮಗೂನ ಕೊಲ್ಲೋಕೆ ಬಂದಿರಲ್ಲ, ತಾಯಿಯ ರಕ್ತನಾಳ ಅಗಲ ಆಗಿ ಮಾಸಿಗೆ ರಕ್ತ ಸಿಗೋಕೆ ಸಹಾಯ ಮಾಡ್ತವೆ. ಕೇಂಬ್ರಿಡ್ಜಿನ ಆಶ್ಲಿ ಮೊಫೆಟ್ ಗುಂಪು 2004ರಲ್ಲಿ ತೋರಿಸಿದ್ದು ಇನ್ನೂ ಮಜವಾಗಿದೆ: ತಾಯಿಯಲ್ಲಿ ಬ್ರೇಕ್ ಜಾಸ್ತಿ ಇರೋ ಥರದ ಕಿರ್, ಮಗುವಲ್ಲಿ ಆ ಬ್ರೇಕನ್ನ ಜೋರಾಗಿ ಒತ್ತೋ ಎಚ್‌ಎಲ್‌ಎ-ಸಿ2 ಇದ್ರೆ ಪ್ರಿಎಕ್ಲಾಂಪ್ಸಿಯಾ (ಬಸುರಲ್ಲಿ ಬಿಪಿ ಏರೋ ಕಾಯಿಲೆ) ಅಪಾಯ ಹೆಚ್ಚು. ಅಂದ್ರೆ ಅಲ್ಲಿ ತೊಂದ್ರೆ ಬರೋದು ಈ ಸೆಲ್‌ಗಳು ಅತಿಯಾಗಿ ಸುಮ್ಮನಾದಾಗ! ಪದೇಪದೇ ಗರ್ಭಪಾತ ಆಗೋರಿಗೆ ಎನ್‌ಕೆ ಟೆಸ್ಟ್ ಮಾಡಿ ಅನ್ನೋಕೆ ಸಾಕಷ್ಟು ಆಧಾರ ಇಲ್ಲ ಅಂತ ಯುರೋಪಿನ ಫರ್ಟಿಲಿಟಿ ತಜ್ಞರ ಸಂಘ ಎಶ್ರೆ ತನ್ನ 2022ರ ಗೈಡ್‌ಲೈನಲ್ಲೇ ಬರೆದಿದೆ.

ಇಷ್ಟನ್ನೂ ಅವಳಿಗೆ ಹೇಳಿ, ನಾನು ಡಾಕ್ಟರ್ ಅಲ್ಲ, ಬೇರೆ ಒಬ್ಬ ಒಳ್ಳೇ ಗೈನಕಾಲಜಿಸ್ಟ್ ಹತ್ರ ರಿಪೋರ್ಟ್ ತಗೊಂಡು ಹೋಗು ಅಂದೆ. ಈ ಪರ್ಸೆಂಟ್ ನೋಡಿ ಔಷಧಿ ಕೊಡ್ಬೇಕು ಅಂತ ಯಾವ ಗೈಡ್‌ಲೈನಲ್ಲಿದೆ ಕೇಳು, ಥೈರಾಯ್ಡು, ಎಪಿಎಲ್‌ಎ (ರಕ್ತ ಹೆಪ್ಪುಗಟ್ಟಿಸೋ ಆಂಟಿಬಾಡಿಗಳ ಟೆಸ್ಟ್), ಗರ್ಭಕೋಶದ ಆಕಾರ ಇವನ್ನೆಲ್ಲ ನೋಡಿದಾರಾ ಕೇಳು. ಸ್ಟೆರಾಯ್ಡ್ ಆಗ್ಲೇ ಶುರು ಮಾಡಿದ್ರೆ ನೀನಾಗೇ ನಿಲ್ಲಿಸ್ಬೇಡ, ಅದನ್ನೂ ಆ ಗೈನಕಾಲಜಿಸ್ಟನ್ನೇ ಕೇಳು.