ಎರಡು ‘ಕೊಡು’ಗಳ ಶನಿವಾರ

ಮಲ್ಲೇಶ್ವರದ ಮನೆಯೊಂದರಲ್ಲಿ ಶನಿವಾರ ಶನಿವಾರ ನಾಲ್ವರು ಕೂತು ಕಟ್ಟುತ್ತಿರುವ ಪುಟ್ಟ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮೆಥಡ್ (ವಸ್ತುವೊಂದು ಮಾಡಬಲ್ಲ ಕೆಲಸ) ಹೆಸರುಗಳು ಕನ್ನಡದಲ್ಲೇ ಇವೆ. ಸ್ಮಾಲ್‌ಟಾಕ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯ ಜಾತಿಯದು: ವೇರಿಯಬಲ್‌ಗೆ ಟೈಪ್ ಇಲ್ಲ, ಯಾವ ಮೆಥಡ್ ಎಂಬುದು ಪ್ರೋಗ್ರಾಂ ಓಡುವಾಗಲೇ ತೀರ್ಮಾನ. ಬರೆದದ್ದನ್ನು ಪದಗಳಾಗಿ ಒಡೆಯುವ ಲೆಕ್ಸರ್, ಅವುಗಳ ವಾಕ್ಯರಚನೆ ಗುರುತಿಸುವ ಪಾರ್ಸರ್, ಓಡಿಸಬೇಕಾದ ಸೂಚನೆಗಳ ಬೈಟ್‌ಕೋಡ್, ತಳದಲ್ಲಿ ಮೆಥಡ್ ಹುಡುಕಿ ಕರೆಯುವ ರನ್‌ಟೈಮ್, ಹೀಗೆ ನಾಲ್ಕು ಪದರ.

ಆವತ್ತು ‘ಗ್ರಂಥಾಲಯ’ ಎಂಬ ವಸ್ತುವಿಗೆ ‘ಕೊಡು’ ಎಂದರೆ ‘ಅಂಥ ಮೆಥಡ್ ಇಲ್ಲ’ ಎಂಬ ಉತ್ತರ. ಮೆಥಡ್ ಕಣ್ಣೆದುರೇ ಇತ್ತು. ಅನುಮಾನ ಮೊದಲು ಬಿದ್ದದ್ದು ಹಿಂದಿನ ವಾರ ಸೇರಿಸಿದ ಇನ್‌ಲೈನ್ ಕ್ಯಾಶ್ ಮೇಲೆ. 1984ರಲ್ಲಿ ಸಂಶೋಧಕರಾದ ಡಾಯ್ಚ್ ಮತ್ತು ಶಿಫ್‌ಮನ್ ಸ್ಮಾಲ್‌ಟಾಕ್-80ರ ಬಗ್ಗೆ ಬರೆದಾಗ ವಿವರಿಸಿದ ಉಪಾಯವದು: ಕರೆಯುವ ಜಾಗದಲ್ಲೇ ಹೋದ ಸಲದ ಕ್ಲಾಸನ್ನೂ (ವಸ್ತುವಿನ ಜಾತಿ) ಆಗ ಸಿಕ್ಕ ಮೆಥಡ್‌ನ ವಿಳಾಸವನ್ನೂ ಬರೆದಿಟ್ಟರೆ, ಅದೇ ಕ್ಲಾಸ್ ಮತ್ತೆ ಬಂದಾಗ ಹುಡುಕಾಟ ಬೇಡ. ಕ್ಯಾಶ್ ಆಫ್ ಮಾಡಿದರೂ ತಪ್ಪು ಹೋಗಲಿಲ್ಲ. ಇದನ್ನು ಮೊದಲೇ ಮಾಡಿದ್ದರೆ ಎರಡು ಗಂಟೆ ಉಳಿಯುತ್ತಿತ್ತು.

ಪ್ರೋಗ್ರಾಮಿನ ಹೆಸರುಗಳನ್ನೆಲ್ಲ ಒಂದೊಂದೇ ಸಲ ಬರೆದಿಡುವ ಸಿಂಬಲ್ ಟೇಬಲ್ಲನ್ನು ಬೈಟ್ ಬೈಟಾಗಿ ಮುದ್ರಿಸಿದಾಗ ಗುಟ್ಟು ರಟ್ಟಾಯಿತು. ಅಲ್ಲಿ ಎರಡು ‘ಕೊಡು’ಗಳಿದ್ದವು. ಒಂದು 12 ಬೈಟ್, ಇನ್ನೊಂದು 15. ಅಕ್ಷರ, ಚಿಹ್ನೆಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ಕೊ’ದ ಸ್ವರಚಿಹ್ನೆಗೆ ತನ್ನದೇ ಒಂದು ಸಂಕೇತವಿದೆ, ‘ಕೆ’ಯ ಚಿಹ್ನೆ, ಅದರ ಬೆನ್ನಿಗೆ ‘ಕೂ’ವಿನ ಚಿಹ್ನೆ ಇಟ್ಟರೂ ಅದೇ ರೂಪ ಮೂಡುತ್ತದೆ. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟ್, ಹಾಗಾಗಿ ಆ ವ್ಯತ್ಯಾಸ. ಮೆಥಡ್ ಬರೆದ ಫೈಲ್ ಒಂದು ಬಗೆ, ಕರೆದ ಫೈಲ್ ಇನ್ನೊಂದು ಬಗೆ. ರನ್‌ಟೈಮ್ ಅಕ್ಷರ ನೋಡುವುದೇ ಇಲ್ಲ, ಸಿಂಬಲ್‌ಗಳ ಪಾಯಿಂಟರ್ (ಮೆಮೊರಿಯಲ್ಲಿನ ವಿಳಾಸ) ಮಾತ್ರ ಹೋಲಿಸುತ್ತದೆ. ಅದರ ಪಾಲಿಗೆ ಇವೆರಡೂ ಬೇರೆ ಬೇರೆ ಹೆಸರು.

“ಹುಡುಕೋ ಕಡೆನೇ ಎನ್‌ಎಫ್‌ಸಿ ಮಾಡಿಬಿಡೋಣ, ಎರಡು ಸಾಲಿನ ಕೆಲಸ” ಎಂಬ ಸಲಹೆ ಬಂತು. ಬಿಡಿ ಸಂಕೇತಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರುವ ಯೂನಿಕೋಡ್ ವಿಧಾನ ಎನ್‌ಎಫ್‌ಸಿ. ಆದರೆ ಅದನ್ನು ತಳದಲ್ಲಿಟ್ಟರೆ ಕ್ಯಾಶ್‌ನಲ್ಲಿ ಸಿಗದಾಗಲೆಲ್ಲ ಅಕ್ಷರ ಜೋಡಿಸುತ್ತ ಕೂರಬೇಕು. ಮೇಲೆ, ಲೆಕ್ಸರಿನಲ್ಲಿ ಇಟ್ಟರೂ ಸಾಲದು: ಸ್ಟ್ರಿಂಗಿನಿಂದ (ಅಕ್ಷರಗಳ ಸಾಲಿನಿಂದ) ಹೆಸರು ಕಟ್ಟಿ ಓಡುವಾಗಲೇ ಸಂದೇಶ ಕಳಿಸುವ ಸವಲತ್ತು ಇಂಥ ಭಾಷೆಯಲ್ಲಿ ಇರಲೇಬೇಕು, ಆ ಹೆಸರು ಲೆಕ್ಸರ್ ದಾಟಿ ಬರುವುದಿಲ್ಲ. ಎರಡು ದಾರಿಯೂ ಕೂಡುವ ಜಾಗ ಒಂದೇ, ಸಿಂಬಲ್ ಟೇಬಲ್‌ಗೆ ಹೆಸರು ಸೇರಿಸುವ ಫಂಕ್ಷನ್. ಎನ್‌ಎಫ್‌ಸಿ ಅಲ್ಲಿಗೆ ಹೋಯಿತು. ಸ್ಟ್ರಿಂಗ್‌ಗಳನ್ನು ಮುಟ್ಟಲಿಲ್ಲ, ಅವು ಬಳಸುವವರ ಮಾಹಿತಿ, ಓದಿದ ಹಾಗೆಯೇ ಫೈಲಿಗೆ ಮರಳಬೇಕು.

ಸಂಜೆಯವರೆಗೂ ಚರ್ಚೆಗೆ ಸಿಕ್ಕಿದ್ದು ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತ. ಎನ್‌ಎಫ್‌ಸಿ ಅದನ್ನು ತೆಗೆಯುವುದಿಲ್ಲ. ‘ರಾಜ್‌ಕುಮಾರ್’, ‘ರಾಜ್ಕುಮಾರ್’ ನೋಡಲೇ ಬೇರೆ, ಆದ್ದರಿಂದ ಹೆಸರಿನ ನಡುವೆ ಅದು ಉಳಿಯಲಿ ಎಂದಾಯಿತು. ಹೆಸರಿನ ಕೊನೆಯಲ್ಲಿ ಅದಿದ್ದರೆ ಕಣ್ಣಿಗೆ ವ್ಯತ್ಯಾಸ ಕಾಣದು, ಹಾಗಾಗಿ ಅಂಥ ಕಡೆ ಲೆಕ್ಸರ್ ಈಗ ಸಾಲಿನ ಸಂಖ್ಯೆ ಹೇಳಿ ನಿಲ್ಲುತ್ತದೆ.